ಒಮ್ಮೆ ಬೇಡವೆಂದ ಪಿಂಚಣಿ

ಅಮೆರಿಕದ ತೆರಿಗೆ ಇಲಾಖೆಯ ಫಾರಂ 4361 ಒಂದೇ ಹಾಳೆಯದು. ಮೂಲಪ್ರತಿಯ ಜೊತೆ ಎರಡು ನಕಲು ಸೇರಿಸಿ ಕಳಿಸಬೇಕು. ಮೇಲೆ ಹೆಸರು, ವಿಳಾಸ, ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆ. ಆಮೇಲೆ ಪಾದ್ರಿಯಾಗಿ ದೀಕ್ಷೆ ಪಡೆದ ದಿನ, ದೀಕ್ಷೆ ಕೊಟ್ಟ ಧರ್ಮಸಂಸ್ಥೆಯ ಹೆಸರು, ಆ ಕೆಲಸದಿಂದ 400 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಗಳಿಸಿದ ಮೊದಲ ಎರಡು ವರ್ಷಗಳು. ಅದರ ಕೆಳಗೆ ಒಂದು ಹೇಳಿಕೆ ಅಚ್ಚಾಗಿಯೇ ಬಂದಿರುತ್ತದೆ. ಅದರ ತಿರುಳು ಇಷ್ಟು: ಮುಪ್ಪು, ನಿವೃತ್ತಿ, ಅಂಗವೈಕಲ್ಯ, ಸಾವು, ಆಸ್ಪತ್ರೆಯ ಖರ್ಚು ಇವುಗಳಿಗೆ ಹಣ ಕೊಡುವ ಸಾರ್ವಜನಿಕ ವಿಮೆಯನ್ನು ನನ್ನ ಧರ್ಮಸೇವೆಯ ದುಡಿಮೆಯ ಮೇಲೆ ಪಡೆಯುವುದಕ್ಕೆ ನನ್ನ ಆತ್ಮಸಾಕ್ಷಿ ಅಥವಾ ನನ್ನ ಧರ್ಮತತ್ವ ಒಪ್ಪುವುದಿಲ್ಲ, ಈ ಮಾತನ್ನು ದೀಕ್ಷೆ ಕೊಟ್ಟ ಸಂಸ್ಥೆಗೂ ತಿಳಿಸಿದ್ದೇನೆ. ಸುಳ್ಳು ಹೇಳಿದರೆ ಶಿಕ್ಷೆ ಉಂಟು ಎಂಬ ಎಚ್ಚರಿಕೆಯ ಪಕ್ಕದಲ್ಲೇ ಸಹಿ.

ಇಲಾಖೆ ಅರ್ಜಿದಾರರಿಗೆ ಇನ್ನೊಂದು ಕಾಗದ ಕಳಿಸಿ, ಯಾವ ಕಾರಣಕ್ಕೆ ಈ ವಿನಾಯಿತಿ ಕೇಳುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿದೆ ತಾನೆ ಎಂದು ಮತ್ತೊಮ್ಮೆ ಸಹಿ ಪಡೆಯುತ್ತದೆ. ಆಮೇಲೆ ಒಪ್ಪಿಗೆಯ ಗುರುತು ಬಿದ್ದ ಪ್ರತಿ ಮನೆಗೆ ಬರುತ್ತದೆ. ಅಲ್ಲಿಂದ ಮುಂದೆ ಚರ್ಚಿನ ಸಂಬಳದ ಮೇಲೆ ಸೋಶಿಯಲ್ ಸೆಕ್ಯೂರಿಟಿ ಎಂಬ ಈ ಸಾರ್ವಜನಿಕ ವಿಮೆಗೆ ಒಂದು ಡಾಲರನ್ನೂ ಕಟ್ಟಬೇಕಿಲ್ಲ. ಆ ಸಂಬಳದ ಲೆಕ್ಕದಲ್ಲಿ ಮುಂದೆ ಒಂದು ಡಾಲರ್ ಬರುವುದೂ ಇಲ್ಲ. ಆದಾಯ ತೆರಿಗೆ ಸಂಹಿತೆಯ 1402ನೇ ಕಲಮು ಈ ವಿನಾಯಿತಿಯನ್ನು ಹಿಂತೆಗೆಯಲಾಗದ್ದು ಎಂದು ಕರೆದಿದೆ.

ಈ ಸಹಿ ಹಾಕಬೇಕಾದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲೇ. 400 ಡಾಲರ್ ಗಳಿಕೆಯ ಎರಡನೆಯ ವರ್ಷದ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನದೊಳಗೆ ಅರ್ಜಿ ಹೋಗಬೇಕು. ಧರ್ಮಶಾಸ್ತ್ರದ ಓದು ಆಗತಾನೆ ಮುಗಿದಿದೆ, ಓದಿನ ಸಾಲ ತೀರಿಲ್ಲ, ಮದುವೆಯಾಗಿದೆ ಇಲ್ಲವೆ ಆಗಲಿದೆ, ಮೊದಲ ಮಗು ಬರುವ ಹೊತ್ತು. ಪೂರ್ಣ ಪಿಂಚಣಿ ಸಿಗುವ ಅರವತ್ತೇಳನೆಯ ವಯಸ್ಸು ಆಗ ಕಣ್ಣಿಗೆ ಕಾಣುವುದಿಲ್ಲ. ಹಾಗೆ ಹೊರಗೆ ಹೋದವರು ಐವತ್ತು ದಾಟಿದ ಮೇಲೆ ಮರಳಿ ಬರಬೇಕೆಂದರೆ ಬಾಗಿಲು ಇದೆಯೇ? ಇರಬೇಕೇ? ಈ ಲೇಖನ ಅದನ್ನೇ ವಿಚಾರಿಸಹೊರಟಿದೆ. ಇರಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ನನಗೂ ಅನುಕೂಲ.

ಸೋಶಿಯಲ್ ಸೆಕ್ಯೂರಿಟಿ ಕಾಯ್ದೆಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ್ದು 1935ರ ಆಗಸ್ಟ್ 14ರಂದು. ಹೊಲದ ಕೂಲಿಗಳು, ಮನೆಗೆಲಸದವರು, ಸ್ವಂತ ಕಸುಬಿನವರು ಅದರಲ್ಲಿ ಹೇಗೆ ಸೇರಲಿಲ್ಲವೋ ಹಾಗೆಯೇ ಚರ್ಚುಗಳ ಮತ್ತು ಧರ್ಮಾರ್ಥ ಸಂಸ್ಥೆಗಳ ನೌಕರರೂ ಸೇರಲಿಲ್ಲ. ಚರ್ಚು ಮಾಲೀಕನೆಂದಾದರೆ ಅದರ ಪಾಲಿನ ವಂತಿಗೆಯನ್ನು ಸರ್ಕಾರ ವಸೂಲು ಮಾಡಬೇಕಾಗುತ್ತದೆ. ಅಂದರೆ ಧರ್ಮಸಂಸ್ಥೆಯ ಮೇಲೆ ಕರ ಹಾಕಿದಂತೆ. ಧರ್ಮವನ್ನೂ ಪ್ರಭುತ್ವವನ್ನೂ ಬೇರೆಬೇರೆ ಇಡಬೇಕೆನ್ನುವ ದೇಶದಲ್ಲಿ ಆ ಜಾಗಕ್ಕೆ ಕೈಹಾಕಲು ಯಾರಿಗೂ ಮನಸ್ಸಿರಲಿಲ್ಲ. 1950ರ ತಿದ್ದುಪಡಿಯಲ್ಲಿ ಧರ್ಮಾರ್ಥ ಸಂಸ್ಥೆಗಳ ಉಳಿದ ನೌಕರರಿಗೆ ಸ್ವಇಚ್ಛೆಯಿಂದ ಸೇರುವ ದಾರಿ ಸಿಕ್ಕಿತು. ಪಾದ್ರಿಗಳು ಆಗಲೂ ಹೊರಗೇ ಉಳಿದರು.

1954ರಲ್ಲಿ ಒಂದು ಉಪಾಯ ಹೊಳೆಯಿತು. ಪಾದ್ರಿಯನ್ನು ಚರ್ಚಿನ ನೌಕರನೆಂದು ಬಗೆಯದೆ, ಈ ಒಂದು ಲೆಕ್ಕಕ್ಕೆ ಮಾತ್ರ ವಕೀಲನಂತೆ, ಅಂಗಡಿಯವನಂತೆ ಸ್ವಂತ ಕಸುಬಿನವನೆಂದು ಬಗೆದರಾಯಿತು. ಆಗ ಚರ್ಚಿನ ಮೇಲೆ ಕರವಿಲ್ಲ, ಪಾದ್ರಿಗೆ ರಕ್ಷಣೆಯುಂಟು. ಬೇಕೆಂದವರು ಫಾರಂ 2031 ತುಂಬಿ ಒಳಗೆ ಬರಬಹುದು ಎಂದಾಯಿತು. ಆ ಏರ್ಪಾಡಿನ ಗುರುತು ಇಂದಿಗೂ ಉಳಿದಿದೆ. ಆದಾಯ ತೆರಿಗೆಯ ಮಟ್ಟಿಗೆ ಹೆಚ್ಚಿನ ಪಾದ್ರಿಗಳು ಚರ್ಚಿನ ನೌಕರರು; ಸೋಶಿಯಲ್ ಸೆಕ್ಯೂರಿಟಿಯ ಮಟ್ಟಿಗೆ ಸ್ವಂತ ಕಸುಬಿನವರು. ಕಾರ್ಖಾನೆಯ ಕೆಲಸಗಾರ ಶೇ 7.65 ಕಟ್ಟಿದರೆ ಮಾಲೀಕ ಇನ್ನೊಂದು 7.65 ಕಟ್ಟುತ್ತಾನೆ. ಪಾದ್ರಿ ಎರಡೂ ಪಾಲು ಸೇರಿಸಿ ಶೇ 15.3 ತಾನೇ ಕಟ್ಟಬೇಕು. ಅದರಲ್ಲಿ 12.4 ಪಿಂಚಣಿ ಮತ್ತು ಅಂಗವೈಕಲ್ಯದ ವಿಮೆಗೆ, 2.9 ಮುಪ್ಪಿನವರ ಆಸ್ಪತ್ರೆ ವಿಮೆಯಾದ ಮೆಡಿಕೇರ್‌ಗೆ. ಮುಂದಿನ ತೊಡಕಿನ ಬೇರು ಇಲ್ಲಿದೆ.

1967ರ ತಿದ್ದುಪಡಿ ಈ ಕ್ರಮವನ್ನು ತಲೆಕೆಳಗು ಮಾಡಿತು. 1968ರಿಂದ ಎಲ್ಲ ಪಾದ್ರಿಗಳೂ ತಾವಾಗಿಯೇ ಒಳಗೆ. ಆತ್ಮಸಾಕ್ಷಿಯ ಕಾರಣಕ್ಕೆ ಬೇಡವೆನ್ನುವವರು ಮಾತ್ರ ಅರ್ಜಿ ಹಾಕಿ ಹೊರಗೆ ಹೋಗಬಹುದು. ಹಿಂದೆ ಫಾರಂ 2031 ತುಂಬಿ ಒಳಗೆ ಬಂದಿದ್ದವರಿಗೆ ಹೊರಗೆ ಹೋಗುವ ಹಕ್ಕಿಲ್ಲ. ಹೀಗೆ ಹುಟ್ಟಿದ್ದು ಫಾರಂ 4361.

ಆತ್ಮಸಾಕ್ಷಿಯ ವಿರೋಧ ಎಂದರೆ ಏನೆಂದು ತಿಳಿಯಲು ಪಾದ್ರಿಗಳನ್ನು ಬಿಟ್ಟು ಒಬ್ಬ ರೈತನ ಹೊಲಕ್ಕೆ ಹೋಗಬೇಕು. ಪೆನ್ಸಿಲ್ವೇನಿಯದ ನ್ಯೂ ವಿಲ್ಮಿಂಗ್ಟನ್ ಹತ್ತಿರ ವ್ಯಾಲೆಂಟೈನ್ ಬೈಲರ್ ಎಂಬ, ಆಮಿಶ್ ಕ್ರೈಸ್ತ ಪಂಥದ ರೈತನಿದ್ದ. ಮುಪ್ಪಿನವರನ್ನೂ ವಿಧವೆಯರನ್ನೂ ನೋಡಿಕೊಳ್ಳುವುದು ಸಮುದಾಯದ ಕರ್ತವ್ಯ, ಅದನ್ನು ವಿಮೆಗೆ ವಹಿಸುವುದು ದೇವರ ಮೇಲಿನ ನಂಬಿಕೆ ಬಿಟ್ಟಂತೆ ಎಂಬುದು ಆಮಿಶರ ನಿಲುವು. ಬೈಲರ್ ವಂತಿಗೆ ಕಟ್ಟಲಿಲ್ಲ. 1961ರ ವಸಂತದಲ್ಲಿ ಆತ ಹೊಲ ಉಳುತ್ತಿದ್ದಾಗ ತೆರಿಗೆ ಅಧಿಕಾರಿಗಳು ಬಂದು ಕಟ್ಟಿದ್ದ ಕುದುರೆಗಳಲ್ಲಿ ಮೂರನ್ನು ಬಿಚ್ಚಿಕೊಂಡು ಹೋದರು. ಹರಾಜಿನಲ್ಲಿ 460 ಡಾಲರ್ ಬಂತು. ಬಾಕಿ 308.96, ಕುದುರೆಗಳನ್ನು ಸಾಗಿಸಿ ಮೇವು ಹಾಕಿದ್ದಕ್ಕೆ 113.15, ಕಳೆದು ಉಳಿದ 37 ಡಾಲರ್ 89 ಸೆಂಟನ್ನು ಬೈಲರ್‌ಗೆ ಹಿಂದಿರುಗಿಸಿದರು. ಉಳುಮೆಯ ಹೊತ್ತಿನಲ್ಲಿ ರೈತನ ಕುದುರೆ ಬಿಚ್ಚಿದ ಸುದ್ದಿ ದೇಶವನ್ನೆಲ್ಲ ಕಲಕಿತು. ನಾಲ್ಕು ವರ್ಷದ ಮೇಲೆ, 1965ರಲ್ಲಿ ಮೆಡಿಕೇರ್ ತಂದ ಕಾಯ್ದೆಯಲ್ಲೇ ಆಮಿಶರಂಥ ಪಂಥಗಳಿಗೆ ವಿನಾಯಿತಿ ಬಂತು.

ಆ ವಿನಾಯಿತಿಗೂ ಪಾದ್ರಿಗಳ ವಿನಾಯಿತಿಗೂ ಇರುವ ಒಂದು ವ್ಯತ್ಯಾಸವನ್ನು ನೆನಪಿಡಬೇಕು. ಆಮಿಶ್ ರೈತ ತನ್ನ ಪಂಥ ಬಿಟ್ಟರೆ ವಿನಾಯಿತಿಯೂ ಬಿಟ್ಟುಹೋಗುತ್ತದೆ. ನಂಬಿಕೆಗೆ ಕೊಟ್ಟ ರಿಯಾಯಿತಿ ನಂಬಿಕೆ ಇರುವಷ್ಟು ಕಾಲ ಮಾತ್ರ ಎಂಬ ನ್ಯಾಯ ಅಲ್ಲಿದೆ. ಪಾದ್ರಿಯ ವಿನಾಯಿತಿಗೆ ಆ ನ್ಯಾಯವಿಲ್ಲ. ಆತ ಚರ್ಚು ಬದಲಿಸಲಿ, ಮನಸ್ಸು ಬದಲಿಸಲಿ, ಸಾರ್ವಜನಿಕ ವಿಮೆ ಒಳ್ಳೆಯದೆಂದು ವೇದಿಕೆಯಿಂದ ಬೋಧಿಸಲಿ, ಒಮ್ಮೆ ಹಾಕಿದ ಸಹಿ ಅಳಿಯದು.

ಇನ್ನು ಆಸೆಯ ಲೆಕ್ಕ. ಒಬ್ಬ ಯುವ ಪಾದ್ರಿಗೆ ಚರ್ಚು ವರ್ಷಕ್ಕೆ 40,000 ಡಾಲರ್ ಸಂಬಳ, 20,000 ಡಾಲರ್ ಮನೆ ಭತ್ಯೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ಮನೆ ಭತ್ಯೆಗೆ ಆದಾಯ ತೆರಿಗೆ ಇಲ್ಲ. ಹೆಂಡತಿ, ಇಬ್ಬರು ಮಕ್ಕಳಿದ್ದರೆ ಉಳಿದ ಸಂಬಳದ ಮೇಲಿನ ಆದಾಯ ತೆರಿಗೆಯೂ ಬಹುಮಟ್ಟಿಗೆ ಕರಗಿಹೋಗುತ್ತದೆ. ಆದರೆ ಸೋಶಿಯಲ್ ಸೆಕ್ಯೂರಿಟಿಯ ಲೆಕ್ಕದಲ್ಲಿ ಮನೆ ಭತ್ಯೆಯೂ ಆದಾಯವೇ. 60,000 ಡಾಲರಿನ ಶೇ 92.35ರ ಮೇಲೆ ಶೇ 15.3 ಎಂದರೆ ಸುಮಾರು 8,478 ಡಾಲರ್. ತಿಂಗಳಿಗೆ ಏಳುನೂರರ ಮೇಲಾಯಿತು. ಕೈಗೆ ಬರುವುದೇ ಕಡಿಮೆ ಇರುವ ಮನೆಯಲ್ಲಿ ಇದು ಹೊಟ್ಟೆಬಟ್ಟೆ ಕಟ್ಟಿ ಕೊಡಬೇಕಾದ ದುಡ್ಡು. ಅಂಥ ಹೊತ್ತಿನಲ್ಲಿ ಒಬ್ಬ ಲೆಕ್ಕಿಗನೋ ಹಿರಿಯ ಪಾದ್ರಿಯೋ, ಒಂದು ಹಾಳೆ ತುಂಬಿಬಿಡು, ಈ ದುಡ್ಡನ್ನು ನೀನೇ ಕೂಡಿಟ್ಟುಕೊಂಡರೆ ಇನ್ನೂ ಹೆಚ್ಚು ಬೆಳೆಯುತ್ತದೆ ಎಂದರೆ ಬೇಡವೆನ್ನುವುದು ಕಷ್ಟ.

ಕಾನೂನು ಇದನ್ನು ಒಪ್ಪುವುದಿಲ್ಲ. ಹಣ ಉಳಿಸುವ ಉದ್ದೇಶಕ್ಕೆ ವಿನಾಯಿತಿ ಇಲ್ಲವೇ ಇಲ್ಲ. ಆದರೆ ಫಾರಂ ತುಂಬುವವನ ಎದೆಯೊಳಗೆ ಇಳಿದು ನೋಡಲು ತೆರಿಗೆ ಇಲಾಖೆಗೆ ಸಾಧನವಿಲ್ಲ. ಹೀಗಾಗಿ ಹೊರಗೆ ಹೋದವರಲ್ಲಿ ಎರಡು ಬಗೆಯವರು ಸೇರಿಹೋಗಿದ್ದಾರೆ. ನಿಜವಾಗಿ ನಂಬಿ ಸಹಿ ಹಾಕಿದವರು ಕೆಲವರು, ಬೇರೆಯವರ ಮಾತು ಕೇಳಿ ಹಾಕಿದವರು ಕೆಲವರು. ಎರಡನೆಯವರು ಮಾಡಿದ್ದು ಸರಿಯೆಂದು ನಾನು ಹೇಳಲಾರೆ. ಧರ್ಮದ ಹೆಸರಿನಲ್ಲಿ, ಅದೂ ಧರ್ಮ ಬೋಧಿಸುವವರು ಹೇಳಿದ ಸುಳ್ಳು ಅದು. ಆದರೂ ಆ ತಪ್ಪಿಗೆ ಎಷ್ಟು ದಂಡ, ಯಾರಿಗೆ ದಂಡ ಎಂಬುದನ್ನು ನೋಡಲೇಬೇಕು.

ನಿವೃತ್ತಿಯ ಪಿಂಚಣಿಗೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು, ಅಂದರೆ ಹತ್ತು ವರ್ಷದ ದುಡಿಮೆ. ಪಾದ್ರಿಗಿರಿ ಬಿಟ್ಟು ಬೇರೇನೂ ಮಾಡದವನಿಗೆ ಆ ಖಾತೆ ಬರಿದು. 2025ರ ಆರಂಭದಲ್ಲಿ ನಿವೃತ್ತ ಕೆಲಸಗಾರರಿಗೆ ಸರಾಸರಿ ಸಿಗುತ್ತಿದ್ದದ್ದು ತಿಂಗಳಿಗೆ 1,976 ಡಾಲರ್, ಅದಿಲ್ಲ. 65 ತುಂಬಿದ ಮೇಲೆ ಆಸ್ಪತ್ರೆಯ ಖರ್ಚು ನೋಡಿಕೊಳ್ಳುವ ಮೆಡಿಕೇರ್‌ನ ಎ ಭಾಗ 40 ಕ್ರೆಡಿಟ್ ಇದ್ದವರಿಗೆ ಕಂತಿಲ್ಲದೆ ಸಿಗುತ್ತದೆ. 30ಕ್ಕಿಂತ ಕಡಿಮೆ ಇದ್ದವರು, ಗಂಡ ಅಥವಾ ಹೆಂಡತಿಯ ಖಾತೆಯ ಆಸರೆಯೂ ಇಲ್ಲದಿದ್ದರೆ, 2025ರ ದರದಲ್ಲಿ ತಿಂಗಳಿಗೆ 518 ಡಾಲರ್ ಕಟ್ಟಿ ಅದನ್ನು ಕೊಳ್ಳಬೇಕು. ವರ್ಷಕ್ಕೆ 6,216.

ಇವೆಲ್ಲ ಮುಪ್ಪಿನ ಮಾತು. ಅದಕ್ಕಿಂತ ಕಠೋರವಾದದ್ದು ನಡುವಯಸ್ಸಿನ ಮಾತು, ಫಾರಂ ತುಂಬುವಾಗ ಅದನ್ನು ಯಾರೂ ಹೇಳುವುದಿಲ್ಲ. ಸೋಶಿಯಲ್ ಸೆಕ್ಯೂರಿಟಿ ಬರೀ ಪಿಂಚಣಿಯಲ್ಲ. ಕಳೆದ ಮೂರು ವರ್ಷಗಳಲ್ಲಿ ಒಂದೂವರೆ ವರ್ಷ ದುಡಿದಿದ್ದರೆ ಸಾಕು, ದುಡಿಯುವಾತ ಸತ್ತರೆ ಎಳೆಯ ಮಕ್ಕಳಿಗೂ ಅವರನ್ನು ಸಾಕುವ ತಾಯಿಗೂ ಪ್ರತಿ ತಿಂಗಳು ಹಣ ಬರುತ್ತದೆ. ಮೂವತ್ನಾಲ್ಕನೆಯ ವಯಸ್ಸಿನಲ್ಲಿ ರಸ್ತೆ ಅಪಘಾತದಲ್ಲಿ ಹೋದ ಬಡಗಿಯ ಮಕ್ಕಳಿಗೆ ಅದು ಸಿಗುತ್ತದೆ. ಅದೇ ರಸ್ತೆಯಲ್ಲಿ ಅದೇ ವಯಸ್ಸಿನಲ್ಲಿ ಹೋದ, ಫಾರಂ 4361 ತುಂಬಿದ ಪಾದ್ರಿಯ ಮಕ್ಕಳಿಗೆ ಸಿಗುವುದಿಲ್ಲ. ಮನೆಯೂ ಬಹಳ ಸಲ ಚರ್ಚಿನದೇ ಆಗಿರುತ್ತದೆ. ಹೊಸ ಪಾದ್ರಿ ಬರುವ ಹೊತ್ತಿಗೆ ಆ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ಮನೆ ಖಾಲಿ ಮಾಡಬೇಕು.

ಅಮೆರಿಕದ ಶಾಸನಸಭೆಗೆ ಇದು ಅರ್ಥವಾಗಿಲ್ಲ ಎನ್ನುವಂತಿಲ್ಲ. ಹಿಂತೆಗೆಯಲಾಗದ್ದು ಎಂದು ತಾನೇ ಬರೆದದ್ದನ್ನು ಅದು ಮೂರು ಸಲ ತಾನೇ ಸಡಿಲಿಸಿತು. 1977ರ ಸೋಶಿಯಲ್ ಸೆಕ್ಯೂರಿಟಿ ತಿದ್ದುಪಡಿಯಲ್ಲಿ ಒಂದು ಸಲ, 1986ರ ತೆರಿಗೆ ಸುಧಾರಣಾ ಕಾಯ್ದೆಯಲ್ಲಿ ಇನ್ನೊಂದು ಸಲ, 1999ರ ಡಿಸೆಂಬರ್ 17ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾಯ್ದೆಯಲ್ಲಿ ಮೂರನೆಯ ಸಲ. ಈ ಮೂರನೆಯದು ಮುಖ್ಯವಾಗಿ ಅಂಗವಿಕಲರ ಉದ್ಯೋಗಕ್ಕೆ ಸಂಬಂಧಿಸಿದ ಕಾಯ್ದೆ. ಅದರೊಳಗೆ 403ನೇ ಕಲಮಾಗಿ ಪಾದ್ರಿಗಳ ಮಾತು ಸೇರಿಕೊಂಡಿತು. 1954ರ ಆ ಹಳೆಯ ಫಾರಂ 2031 ಹೊಸ ಹೆಸರಿನಲ್ಲಿ, ವಿನಾಯಿತಿ ರದ್ದು ಕೋರುವ ಅರ್ಜಿಯಾಗಿ ಮತ್ತೆ ಬಂತು. 2000 ಅಥವಾ 2001ನೆಯ ತೆರಿಗೆ ವರ್ಷದಿಂದ ಒಳಗೆ ಬರುತ್ತೇನೆಂದು ಬರೆದುಕೊಡಬೇಕು. ಅಲ್ಲಿಂದ ಮುಂದಿನ ವಂತಿಗೆ ಕಟ್ಟಬೇಕು. ಮತ್ತೆ ಹೊರಗೆ ಹೋಗುವ ಹಾಗಿಲ್ಲ. ಹೆಚ್ಚಿನವರಿಗೆ ಕೊನೆಯ ದಿನ 2002ರ ಏಪ್ರಿಲ್ 15. ತೆರಿಗೆ ವಿವರ ಸಲ್ಲಿಸಲು ಗಡುವು ವಿಸ್ತರಿಸಿಕೊಂಡವರಿಗೆ ಇನ್ನು ಕೆಲವು ತಿಂಗಳು. ಆಮೇಲೆ ಬಾಗಿಲು ಮುಚ್ಚಿತು.

ಒಮ್ಮೆ ಒಂಬತ್ತು ವರ್ಷಕ್ಕೆ, ಇನ್ನೊಮ್ಮೆ ಹದಿಮೂರು ವರ್ಷಕ್ಕೆ ಮತ್ತೆ ತೆರೆದ ಬಾಗಿಲು ಆಮೇಲೆ ಇಪ್ಪತ್ತು ವರ್ಷ ಕಳೆದರೂ ತೆರೆಯಲಿಲ್ಲ. 2002ರ ನಂತರ ದೀಕ್ಷೆ ಪಡೆದು ಸಹಿ ಹಾಕಿದ ಒಂದು ತಲೆಮಾರಿಗೆ ಒಂದು ಅವಕಾಶವೂ ಸಿಕ್ಕಿಲ್ಲ. ಇಂದು ಮರಳಿ ಸೇರಬಹುದೇ ಎಂದರೆ ಕಾನೂನಿನ ಉತ್ತರ ಇಲ್ಲ ಎಂಬುದೇ. ಕೆಳಮನೆಯಲ್ಲಿ ಇತ್ತೀಚೆಗೆ ಕ್ಲರ್ಜಿ ಆಕ್ಟ್ ಎಂಬ ಹೆಸರಿನಲ್ಲಿ ಮರುಸೇರ್ಪಡೆಗೆ ಮತ್ತೊಂದು ಅವಕಾಶ ಕೇಳುವ ಮಸೂದೆ ಮಂಡನೆಯಾಗಿದೆ. ಮಸೂದೆ ಮಂಡನೆಯಾದ ಮಾತ್ರಕ್ಕೆ ಯಾವ ಪಾದ್ರಿಯೂ ವಂತಿಗೆ ಕಟ್ಟಲು ಬರುವುದಿಲ್ಲ.

ಬಾಗಿಲು ಮುಚ್ಚಿರಲಿ ಎನ್ನುವವರ ವಾದ ಹಗುರವಾದದ್ದಲ್ಲ. ವಿಮೆ ನಿಲ್ಲುವುದೇ ಎಲ್ಲರೂ ಎಲ್ಲ ಕಾಲದಲ್ಲೂ ಕಟ್ಟುವುದರಿಂದ. ಆರೋಗ್ಯವಾಗಿದ್ದಾಗ ಹೊರಗಿದ್ದು, ಕೂದಲು ನರೆತ ಮೇಲೆ ಒಳಗೆ ಬರುವವರಿಗೆ ದಾರಿ ಕೊಟ್ಟರೆ ಹೊರೆಯೆಲ್ಲ ಪ್ರಾಮಾಣಿಕವಾಗಿ ಕಟ್ಟುತ್ತ ಬಂದವರ ಹೆಗಲಿಗೆ ಬೀಳುತ್ತದೆ. ಈ ವ್ಯವಸ್ಥೆಯ ಮೊಟ್ಟಮೊದಲ ಮಾಸಿಕ ಚೆಕ್ಕು ಪಡೆದ ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್ ಅವರ ಕಥೆ ಎಲ್ಲರಿಗೂ ಪಾಠ. ಮೂರು ವರ್ಷದಲ್ಲಿ ಆಕೆ ಕಟ್ಟಿದ್ದು 24.75 ಡಾಲರ್. 1940ರ ಜನವರಿಯಲ್ಲಿ ಬಂದ ಮೊದಲ ಚೆಕ್ಕು 22.54 ಡಾಲರಿನದು. ಆಕೆ ನೂರು ವರ್ಷ ಬಾಳಿದರು. 1975ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಒಟ್ಟು 22,888.92 ಡಾಲರ್ ಪಡೆದಿದ್ದರು. ವ್ಯವಸ್ಥೆ ಶುರುವಾದಾಗ ಅದು ಅನಿವಾರ್ಯವಾಗಿತ್ತು. ತಡವಾಗಿ ಬರುವವರೆಲ್ಲರಿಗೂ ಹಾಗಾದರೆ ಬೊಕ್ಕಸ ತಾಳದು.

ಇದನ್ನು ಪಿಂಚಣಿಯ ಸೂತ್ರದಲ್ಲೇ ಲೆಕ್ಕ ಹಾಕಿ ನೋಡಿದೆ. ಪಿಂಚಣಿಯನ್ನು 35 ವರ್ಷಗಳ ಗಳಿಕೆಯ ತಿಂಗಳ ಸರಾಸರಿಯ ಮೇಲೆ ಗೊತ್ತುಮಾಡುತ್ತಾರೆ. 2025ರ ಸೂತ್ರದಂತೆ ಆ ಸರಾಸರಿಯ ಮೊದಲ 1,226 ಡಾಲರಿಗೆ ಶೇ 90, ಅಲ್ಲಿಂದ 7,391ರವರೆಗೆ ಶೇ 32, ಅದರ ಮೇಲೆ ಶೇ 15. ಬಡವರಿಗೆ ಹೆಚ್ಚು ಸಿಗಲಿ ಎಂಬುದೇ ಉದ್ದೇಶ. ಈಗ ತಿಂಗಳಿಗೆ 5,000 ಡಾಲರ್ ಲೆಕ್ಕದಲ್ಲಿ 35 ವರ್ಷವೂ ಕಟ್ಟಿದವನಿಗೆ ಸುಮಾರು 2,311 ಡಾಲರ್ ಬರುತ್ತದೆ. ಅಷ್ಟೇ ಗಳಿಕೆಯ ಮೇಲೆ ಕೊನೆಯ ಹತ್ತು ವರ್ಷ ಮಾತ್ರ ಕಟ್ಟಿದವನ ಸರಾಸರಿ 1,429ಕ್ಕೆ ಇಳಿಯುತ್ತದೆ. ಆದರೂ ಅವನಿಗೆ 1,168 ಡಾಲರ್ ಬರುತ್ತದೆ. ಕಟ್ಟಿದ್ದು ನಾಲ್ಕನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಸಿಕ್ಕಿದ್ದು ಅರ್ಧ. ಖಾತೆಯ ಕಣ್ಣಿಗೆ ಅವನು ಬಡವನಂತೆ ಕಾಣುತ್ತಾನೆ. ಮರುಸೇರ್ಪಡೆಯನ್ನು ವಿರೋಧಿಸುವವರ ಕೈಯಲ್ಲಿರುವ ನಿಜವಾದ ಆಕ್ಷೇಪ ಇದೊಂದೇ, ಮತ್ತು ಅದು ಸತ್ಯ.

ಆದರೆ ಇದೇ ಸೂತ್ರ ಐವತ್ತನೆಯ ವಯಸ್ಸಿನಲ್ಲಿ ವಲಸೆ ಬಂದವರಿಗೂ ಇದೆ. ಮಕ್ಕಳನ್ನು ಬೆಳೆಸಿ ತಡವಾಗಿ ಕೆಲಸಕ್ಕೆ ಸೇರಿದ ತಾಯಂದಿರಿಗೂ ಇದೆ. ಅವರನ್ನು ಯಾರೂ ಹೊರಗಿಟ್ಟಿಲ್ಲ. ಹತ್ತು ವರ್ಷ ಕಟ್ಟಿದವನಿಗೆ ಅರ್ಧ ಸಿಗುವುದು ಹೆಚ್ಚಾಯಿತೆಂದರೆ ಮರಳಿ ಬರುವ ಪಾದ್ರಿಗೆ ಆ ಮೊದಲ ಶೇ 90ರ ಪಾಲನ್ನು ಇಳಿಸಲಿ, ಇಲ್ಲವೆ ಕಳೆದ ಕೆಲವು ವರ್ಷಗಳ ಬಾಕಿ ಕಟ್ಟಿಸಿಕೊಳ್ಳಲಿ. ಹೆಚ್ಚು ಸಿಗುತ್ತದೆಂಬ ಭಯಕ್ಕೆ ಏನೂ ಸಿಗಬಾರದು ಎನ್ನುವುದು ನ್ಯಾಯವಲ್ಲ. ಅಲ್ಲದೆ ಮರಳಿ ಬರುವವರಲ್ಲಿ ಮೂವತ್ತೈದರವರೂ ಇರುತ್ತಾರೆ. ಅವರು ಇನ್ನು ಮೂವತ್ತು ವರ್ಷ ಕಟ್ಟುವವರು. ಅವರನ್ನು ತಡೆದು ಬೊಕ್ಕಸಕ್ಕೆ ಲಾಭವೇನು?

ನ್ಯಾಯಾಲಯಗಳು ನಡೆದ ದಾರಿ ಇನ್ನಷ್ಟು ಯೋಚನೆಗೆ ಹಚ್ಚುತ್ತದೆ. ಬ್ಯಾಲಿಂಜರ್ ಎಂಬುವರ ಮೊಕದ್ದಮೆಯಲ್ಲಿ 1984ರಲ್ಲಿ ಹತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯದ ಮುಂದೆ ಒಂದು ಪ್ರಶ್ನೆ ಬಂತು: ಒಂದು ಚರ್ಚಿನಲ್ಲಿ ದೀಕ್ಷೆ ಪಡೆದಾಗ ಸುಮ್ಮನಿದ್ದವನು ಮುಂದೆ ಬೇರೆ ಪಂಥಕ್ಕೆ ಹೋಗಿ, ನಂಬಿಕೆ ಬದಲಾಗಿ, ಆಗ ವಿನಾಯಿತಿ ಕೇಳಬಹುದೇ? ನಂಬಿಕೆಯೂ ಪಂಥವೂ ಬದಲಾದರೆ ಕೇಳಬಹುದು ಎಂದು ನ್ಯಾಯಾಲಯ ಒಪ್ಪಿತು. ಆದರೆ ಹೊಸ ಸೇವೆ ಶುರುವಾದಾಗಿನಿಂದ ಲೆಕ್ಕ ಹಾಕಿದರೂ ಅರ್ಜಿ ತಡವಾಗಿದೆಯೆಂದು ಬ್ಯಾಲಿಂಜರ್ ಅವರಿಗೆ ಸೋಲಾಯಿತು. ಹತ್ತು ವರ್ಷದ ಮೇಲೆ, 1994ರಲ್ಲಿ, ಹಾಲ್ ಎಂಬುವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಎರಡನೆಯ ದೀಕ್ಷೆಯ ನಂತರ ಹೊತ್ತಿಗೆ ಸರಿಯಾಗಿ ಕೇಳಿದ ವಿನಾಯಿತಿಯನ್ನು ಕೊಟ್ಟೇ ಬಿಟ್ಟಿತು.

ಮನುಷ್ಯನ ನಂಬಿಕೆ ಬದುಕಿನ ನಡುವೆ ಬದಲಾಗಬಹುದು, ಆ ಬದಲಾವಣೆಯನ್ನು ಕಾನೂನು ಗೌರವಿಸಬೇಕು ಎಂಬ ತತ್ವವೇ ಈ ತೀರ್ಪುಗಳ ಒಳಗಿರುವುದು. ಒಳಗಿದ್ದವನ ಮನಸ್ಸು ಬದಲಾಗಿ ಹೊರಗೆ ಹೋಗಬಹುದಾದರೆ, ಹೊರಗಿದ್ದವನ ಮನಸ್ಸು ಬದಲಾಗಿ ಒಳಗೆ ಬರುವುದು ಏಕೆ ಸಾಧ್ಯವಿಲ್ಲ? ಆತ್ಮಸಾಕ್ಷಿ ಒಂದೇ ದಿಕ್ಕಿಗೆ ಹರಿಯುವ ನದಿಯೇ? ನ್ಯಾಯಾಲಯಗಳನ್ನು ದೂರಿ ಪ್ರಯೋಜನವಿಲ್ಲ, ಕಾಯ್ದೆಯಲ್ಲಿ ಬರೆದ ಪದವನ್ನು ಅವು ಅಳಿಸಲಾರವು. ಉತ್ತರ ಕೊಡಬೇಕಾದದ್ದು ಶಾಸನಸಭೆ.

ಮುಖ್ಯ ಬಾಗಿಲು ಮುಚ್ಚಿರುವಾಗ ಜನ ಪಕ್ಕದ ದಾರಿ ಹುಡುಕುತ್ತಾರೆ. ಬಹಳ ಮಂದಿಗೆ ಗೊತ್ತಿಲ್ಲದ ಒಂದು ದಾರಿ ಸಂಪೂರ್ಣ ಕಾನೂನುಬದ್ಧ. ವಿನಾಯಿತಿ ಇರುವುದು ಧರ್ಮಸೇವೆಯ ಗಳಿಕೆಗೆ ಮಾತ್ರ. ಅದೇ ಪಾದ್ರಿ ಬೆಳಿಗ್ಗೆ ಶಾಲೆಯ ಬಸ್ಸು ಓಡಿಸಿದರೆ, ಕಾಲೇಜಿನಲ್ಲಿ ಪಾಠ ಹೇಳಿದರೆ, ಅಂಗಡಿಯಲ್ಲಿ ಲೆಕ್ಕ ಬರೆದರೆ ಆ ಸಂಬಳಕ್ಕೆ ವಂತಿಗೆ ಕಡಿತವಾಗುತ್ತದೆ, ಕ್ರೆಡಿಟ್ ಸೇರುತ್ತದೆ. 2025ರಲ್ಲಿ ಒಂದು ಕ್ರೆಡಿಟ್‌ಗೆ 1,810 ಡಾಲರ್ ಗಳಿಸಬೇಕಿತ್ತು, ನಾಲ್ಕಕ್ಕೆ 7,240. ಹತ್ತು ವರ್ಷ ಹೀಗೆ ಮಾಡಿದರೆ ಚಿಕ್ಕದೊಂದು ಪಿಂಚಣಿ, ಅದಕ್ಕಿಂತ ಮುಖ್ಯವಾಗಿ ಕಂತಿಲ್ಲದ ಆಸ್ಪತ್ರೆ ವಿಮೆ ಸಿಗುತ್ತದೆ. ಹೆಂಡತಿ ಬೇರೆ ಕಡೆ ದುಡಿಯುತ್ತಿದ್ದರೆ ಅವಳ ಖಾತೆಯ ಮೇಲೆ, ಅವಳ ಪಿಂಚಣಿಯ ಅರ್ಧದವರೆಗೆ ಗಂಡನಿಗೂ ಹಕ್ಕಿದೆ. ವಿನಾಯಿತಿ ಪಡೆದ ಪಾದ್ರಿಗಳು ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಕಾಯ್ದೆ ಬದಲಾಗುವುದನ್ನು ಕಾಯಬೇಡಿ, ವಾರಕ್ಕೆ ಕೆಲವು ಗಂಟೆಯ ಹೊರಗಿನ ಕೆಲಸ ಹಿಡಿಯಿರಿ.

ಇನ್ನೊಂದು ದಾರಿಯನ್ನು ಕೆಲವು ತೆರಿಗೆ ಸಲಹೆಗಾರರು ತೋರಿಸುತ್ತಾರೆ. ಹಣ ಉಳಿಸಲೆಂದೇ ವಿನಾಯಿತಿ ಪಡೆದಿದ್ದರೆ ಅದು ಮೊದಲ ದಿನದಿಂದಲೇ ಅಸಿಂಧು, ಅಸಿಂಧುವಾದದ್ದನ್ನು ಹಿಂತೆಗೆಯಬೇಕಾದ ಪ್ರಮೇಯವೇ ಇಲ್ಲ, ಆದ್ದರಿಂದ ತಪ್ಪೊಪ್ಪಿ ಬಾಕಿ ಕಟ್ಟಿ ಒಳಗೆ ಬನ್ನಿ ಎಂಬ ವಾದ. ತರ್ಕಕ್ಕೆ ಇದು ಸರಿಯಾಗಿ ಕಾಣುತ್ತದೆ. ಆದರೆ ಇದರ ಫಲ ಯಾರಿಗೆ ಸಿಗುತ್ತದೆ ನೋಡಿ. ಅಂದು ಸುಳ್ಳು ಬರೆದವನು ಸುಳ್ಳು ಬರೆದೆ ಎಂದರೆ ಒಳಗೆ ಬರುತ್ತಾನೆ. ಅಂದು ನಿಜವಾಗಿ ನಂಬಿದ್ದು, ಇಂದು ನಿಜವಾಗಿ ಮನಸ್ಸು ಬದಲಿಸಿದವನು ಹೊರಗೇ ಉಳಿಯುತ್ತಾನೆ. ಸತ್ಯವಂತನಿಗೆ ತಡೆ, ತಪ್ಪಿತಸ್ಥನಿಗೆ ದಾರಿ ಎಂಬ ಈ ಸ್ಥಿತಿಯೇ ಸಾಕು, ಎಲ್ಲರಿಗೂ ನೇರವಾದ ಬಾಗಿಲೊಂದು ಬೇಕೆನ್ನುವುದಕ್ಕೆ.

ಈ ವಿಷಯ ಕನ್ನಡಿಗರಿಗೆ ಏಕೆ ಎಂದು ಕೇಳುವವರಿದ್ದಾರೆ. ಮಂಗಳೂರಿನ ಕಡೆಯ ಕಥೋಲಿಕ ಫಾದರುಗಳು ಅಮೆರಿಕದ ಚರ್ಚುಗಳಲ್ಲಿ ಸೇವೆ ಮಾಡುತ್ತಾರೆ. ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ನ್ಯೂಜೆರ್ಸಿಯ ಎಡಿಸನ್‌ನಲ್ಲಿದೆ. ಅಲ್ಲಿನ ಹಿಂದೂ ದೇವಸ್ಥಾನಗಳಲ್ಲಿ ನಮ್ಮ ಕರಾವಳಿಯ, ಮಲೆನಾಡಿನ ಭಟ್ಟರು ಪೂಜೆಗೆ ನಿಲ್ಲುತ್ತಾರೆ. ತೆರಿಗೆ ಕಾನೂನಿನಲ್ಲಿ ಚರ್ಚು ಎಂಬ ಮಾತಿನಲ್ಲಿ ದೇವಸ್ಥಾನ, ಮಸೀದಿ, ಸಿನಗಾಗ್ ಎಲ್ಲವೂ ಸೇರುತ್ತವೆ. ಬಡತನದ ವ್ರತ ತೊಟ್ಟು, ತನ್ನ ಸಂಘದ ಪರವಾಗಿ ದುಡಿದು, ಗಳಿಕೆಯನ್ನು ಅದಕ್ಕೇ ಒಪ್ಪಿಸುವ ಜೆಸ್ವಿತರ, ಕಪುಚಿನ್ನರ ಲೆಕ್ಕ ಬೇರೆ. ಅವರ ಸಂಘವೇ ಬೇಕೆಂದು ಬರೆದುಕೊಟ್ಟರೆ ಮಾತ್ರ ಅವರು ಒಳಗೆ. ಅದೇ ಧರ್ಮಪ್ರಾಂತ್ಯದ ಫಾದರಿಗೆ ಆ ವ್ರತವಿಲ್ಲ, ವಿನಾಯಿತಿ ಪಡೆಯದಿದ್ದರೆ ಆತ ಶೇ 15.3 ಕಟ್ಟಲೇಬೇಕು.

ಅರ್ಚಕರ ಕಷ್ಟ ಇನ್ನೂ ಸೂಕ್ಷ್ಮವಾದದ್ದು. ಅವರು ಹೋಗುವುದು ಬಹುತೇಕ ಧರ್ಮಸೇವಕರಿಗೆ ಕೊಡುವ ಆರ್-1 ವೀಸಾದ ಮೇಲೆ. ಅದರ ಮಿತಿ ಐದು ವರ್ಷ. ತೆರಿಗೆಯ ಲೆಕ್ಕದಲ್ಲಿ ಆ ದೇಶದ ನಿವಾಸಿ ಎನಿಸಿಕೊಂಡ ಮೇಲೆ ಪೂಜೆಯ ಸಂಬಳದ ಮೇಲೆ ಪೂರ್ತಿ ವಂತಿಗೆ ಹೋಗುತ್ತದೆ. ಐದು ವರ್ಷಕ್ಕೆ ಸೇರುವುದು ಹೆಚ್ಚೆಂದರೆ 20 ಕ್ರೆಡಿಟ್, ಬೇಕಾದದ್ದು 40. ಎರಡು ದೇಶಗಳ ದುಡಿಮೆಯ ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕುವ ಒಪ್ಪಂದ ಅಮೆರಿಕಕ್ಕೆ ಹಲವು ದೇಶಗಳ ಜೊತೆ ಇದೆ, ಭಾರತದ ಜೊತೆ ಇಲ್ಲ. ಕಟ್ಟಿದ್ದು ಹಿಂದಿರುಗಿ ಬರುವುದೂ ಇಲ್ಲ. ಐದು ವರ್ಷ ದುಡಿದು ಊರಿಗೆ ಮರಳುವ ಭಟ್ಟರ ಪಾಲಿಗೆ ಅದು ನೀರಿನಲ್ಲಿ ಹಾಕಿದ ಹೋಮ. ಹಾಗಾಗಿ ಯಾರಾದರೂ ಫಾರಂ 4361ರ ಮಾತು ತೆಗೆದರೆ ಕಿವಿ ನೆಟ್ಟಗಾಗುವುದು ಸಹಜ.

ಆದರೆ ನಮ್ಮ ಯಾವ ಶಾಸ್ತ್ರವೂ ಮುಪ್ಪಿನ ವಿಮೆ ತಪ್ಪೆಂದು ಹೇಳಿದ್ದನ್ನು ನಾನು ಕಾಣೆ. ಇಲ್ಲದ ವಿರೋಧವನ್ನು ಇದೆಯೆಂದು ಬರೆದು ಸಹಿ ಹಾಕಬಾರದು. ವ್ಯಾವಹಾರಿಕವಾಗಿಯೂ ಅದು ಅಪಾಯ. ಐದು ವರ್ಷಕ್ಕೆ ಮರಳುತ್ತೇನೆಂದು ಹೊರಟವರು ಗ್ರೀನ್ ಕಾರ್ಡ್ ಸಿಕ್ಕು ಇಪ್ಪತ್ತೈದು ವರ್ಷ ಅಲ್ಲೇ ಉಳಿಯುವುದು ಉಂಟು. ಮೊದಲ ಎರಡು ವರ್ಷದಲ್ಲಿ ಹಾಕಿದ ಸಹಿ ಆಗಲೂ ಹಾಗೆಯೇ ಇರುತ್ತದೆ. ಅರ್ಚಕರಿಗೆ ಆಗುತ್ತಿರುವ ಅನ್ಯಾಯಕ್ಕೆ ಮದ್ದು ಎರಡು ಸರ್ಕಾರಗಳ ನಡುವಿನ ಒಪ್ಪಂದ. ಭಾರತ ಸರ್ಕಾರ ಸಾಫ್ಟ್‌ವೇರ್ ನೌಕರರ ಪರವಾಗಿ ಆ ಒಪ್ಪಂದ ಕೇಳುವಾಗ ದೇವಸ್ಥಾನದ ಭಟ್ಟರ, ಚರ್ಚಿನ ಫಾದರುಗಳ ಮಾತೂ ಸೇರಬೇಕು.

ಮರುಸೇರ್ಪಡೆಯ ಹೊಸ ಕಾಯ್ದೆ ಬಂದರೆ ಅದು 1999ರಂತೆ ಒಂದು ಸಲ ತೆರೆದು ಮುಚ್ಚುವ ಬಾಗಿಲಾಗದಿರಲಿ. ಇಂಥ ಅವಕಾಶದ ಸುದ್ದಿ ಹಳ್ಳಿಗಾಡಿನ ಚಿಕ್ಕ ಚರ್ಚಿನ ಪಾದ್ರಿಗೆ ಮುಟ್ಟುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಸೇವೆಯಲ್ಲಿರುವಷ್ಟು ದಿನವೂ, ಯಾವ ವರ್ಷದ ತೆರಿಗೆ ವಿವರದ ಜೊತೆಗಾದರೂ, ಒಂದೇ ಒಂದು ಸಲ ಮರಳುವ ಹಕ್ಕಿರಲಿ. ಮರಳಿದ ಮೇಲೆ ಮತ್ತೆ ಹೊರಗೆ ಹೋಗುವ ದಾರಿ ಬೇಡ. ಕಟ್ಟದ ವರ್ಷಗಳಿಗೆ ಪಿಂಚಣಿಯೂ ಬೇಡ.

ಹೊರಗೆ ಹೋಗುವ ಹಾಳೆಯಲ್ಲೂ ಒಂದು ತಿದ್ದುಪಡಿ ಆಗಬೇಕು. ಅಮೆರಿಕದಲ್ಲಿ ಖಾಸಗಿ ಕಂಪನಿಯ ಪಿಂಚಣಿ ಇರುವ ಗಂಡಸು ತನ್ನ ಸಾವಿನ ನಂತರ ಹೆಂಡತಿಗೆ ಸಲ್ಲಬೇಕಾದ ಪಾಲನ್ನು ಬೇಡವೆನ್ನಬೇಕಾದರೆ, 1984ರ ಕಾಯ್ದೆಯ ಪ್ರಕಾರ, ಆಕೆ ಸಾಕ್ಷಿಯ ಎದುರು ಲಿಖಿತ ಒಪ್ಪಿಗೆ ಕೊಡಲೇಬೇಕು. ಫಾರಂ 4361ರಲ್ಲಿ ಗಂಡ ಬಿಟ್ಟುಕೊಡುವುದರಲ್ಲಿ ವಿಧವೆಗೆ ಸಲ್ಲುವ ಹಣವೂ ಇದೆ, ಮಕ್ಕಳಿಗೆ ಸಲ್ಲುವ ಹಣವೂ ಇದೆ. ಆ ಹಾಳೆಯಲ್ಲಿ ಸಹಿಗೆ ಒಂದೇ ಗೆರೆ ಇದೆ. ಅದರ ಕೆಳಗೆ ಇನ್ನೊಂದು ಗೆರೆ ಎಳೆದು ಹೆಂಡತಿಯ ಸಹಿಯನ್ನೂ ಕೇಳಬೇಕು.